ಕೀಲಿಮಣೆಯೂ ಕಿವಿಯೂ

ಬಳ್ಳಾರಿ ಸೀಮೆಗೆ ಹಾಡು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಅಟ್ಟ ಕಟ್ಟಿ, ಬೆಳಗಾಗುವವರೆಗೆ ಬಯಲಾಟ ಆಡುವ ಪದ್ಧತಿ ಸಿರುಗುಪ್ಪ, ಕುರುಗೋಡು ಭಾಗದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಂದಿದೆ. ಬಳ್ಳಾರಿ ನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ನಾಟಕಗಳನ್ನು ಬರೆದು, ಸಭೆಗಳನ್ನು ಕಟ್ಟಿ ರಂಗಭೂಮಿಗೆ ನೆಲೆ ಒದಗಿಸಿದರು. ಆ ನೆಲೆಯಲ್ಲಿಯೇ ಬಳ್ಳಾರಿ ರಾಘವರು (1880–1946) ನಟರಾಗಿ ಬೆಳಗಿದರು. ನಮ್ಮ ಕಾಲಕ್ಕೆ ಹತ್ತಿರದಲ್ಲಿ ಸುಭದ್ರಮ್ಮ ಮನ್ಸೂರರು ರಂಗಗೀತೆಗಳಿಂದ ನಾಡಿನ ಮನೆಮಾತಾಗಿ, 2020ರಲ್ಲಿ ಅಗಲಿದರು. ಬಯಲಾಟವಿರಲಿ, ಕಂಪನಿ ನಾಟಕವಿರಲಿ, ಭಜನೆಯಿರಲಿ, ಹಾಡುವವರ ಮಗ್ಗುಲಲ್ಲಿ ಒಂದು ಹಾರ್ಮೋನಿಯಂ ಇದ್ದೇ ಇರುತ್ತಿತ್ತು. ಜನರು ಅದನ್ನು ‘ಪೇಟಿ’ ಎಂದರು. ಅದನ್ನು ನುಡಿಸುವವರನ್ನು ‘ಪೇಟಿ ಮಾಸ್ತರರು’ ಎಂದು ಗೌರವದಿಂದ ಕರೆದರು.

ಇಂದು ಆ ಪೇಟಿಯ ಪಕ್ಕದಲ್ಲಿ, ಎಷ್ಟೋ ಕಡೆ ಅದರ ಸ್ಥಾನದಲ್ಲಿಯೇ, ವಿದ್ಯುತ್ತಿನಿಂದ ನುಡಿಯುವ ಕೀಲಿಮಣೆ ಬಂದು ಕುಳಿತಿದೆ. ಕುರುಗೋಡಿನ ಒಬ್ಬ ವಿದ್ಯಾರ್ಥಿನಿ ಚೆನ್ನಾಗಿ ಹಾಡುತ್ತಾಳೆ ಎಂದು ಭಾವಿಸಬಹುದು. ಭತ್ತ ಮಾರಿದ ಹಣದಲ್ಲಿ ಒಂದಿಷ್ಟನ್ನು ತೆಗೆದಿರಿಸಿ, ತಂದೆ ಅವಳನ್ನು ಬಳ್ಳಾರಿಯ ಅಂಗಡಿಗೆ ಕರೆತಂದಿದ್ದಾನೆ. ಅಲ್ಲಿ ಸಾಲಾಗಿ ಜೋಡಿಸಿದ ಕೀಲಿಮಣೆಗಳು. ಒಂದೊಂದರ ಮೇಲೂ ನೂರಾರು ನಾದಗಳ ಹೆಸರು, ಹೊಳೆಯುವ ಗುಂಡಿಗಳು. ಯಾವುದನ್ನು ಆರಿಸಬೇಕು? ಮತ್ತೊಮ್ಮೆ ಕೊಳ್ಳುವ ಶಕ್ತಿ ಆ ಮನೆಗೆ ಬೇಗನೆ ಬರಲಾರದು. ಇಂಥ ಸಂದರ್ಭದಲ್ಲಿ ವಾದ್ಯದ ಒಳಗುಟ್ಟನ್ನು ಅರಿತವರು ಮೋಸ ಹೋಗುವುದಿಲ್ಲ.

ಕೀಲಿಮಣೆಯ ವಾದ್ಯಗಳು ಹೊರಗಿನಿಂದ ಒಂದೇ ಬಗೆಯಾಗಿ ಕಂಡರೂ ನಾದ ಹುಟ್ಟುವ ರೀತಿ ಬೇರೆ ಬೇರೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ ಪಿಯಾನೊವನ್ನು ರೂಪಿಸಿದನು. ಅದರಲ್ಲಿ ಕೀಲಿಯನ್ನು ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ. ಮೆಲ್ಲನೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ಗಟ್ಟಿದನಿ. ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಫ್ರಾನ್ಸಿನಲ್ಲಿ. ಅದರಲ್ಲಿ ತಂತಿಯಿಲ್ಲ, ತಿದಿಯ ಗಾಳಿ ಹಿತ್ತಾಳೆಯ ನಾಲಗೆಗಳನ್ನು ಕಂಪಿಸುತ್ತದೆ. ಕಾಲಿನಿಂದ ತುಳಿಯುತ್ತಿದ್ದ ಆ ವಾದ್ಯವನ್ನು, ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದರಿಂದ ನುಡಿಸುವಂತೆ ಮಾರ್ಪಡಿಸಿದ ಕೀರ್ತಿ ಕೊಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ಜಪಾನಿನ ಹಮಾಮತ್ಸು ಪಟ್ಟಣದ ಶಾಲೆಯೊಂದರಲ್ಲಿ 1887ರಲ್ಲಿ ಇಂಥದೇ ನಾಲಗೆಯ ಆರ್ಗನ್ ಕೆಟ್ಟು ನಿಂತಾಗ, ಅದನ್ನು ಸರಿಪಡಿಸಲು ಬಂದವನು ತೊರಾಕುಸು ಯಮಹಾ. ದುರಸ್ತಿ ಮಾಡುತ್ತ ಅದರ ರಚನೆಯನ್ನು ಕಲಿತು, ತಾನೇ ಆರ್ಗನ್ ತಯಾರಿಕೆಗೆ ತೊಡಗಿದನು. ಇಂದು ವಿದ್ಯುತ್ ಕೀಲಿಮಣೆಗಳಿಗೆ ಹೆಸರಾದ ಯಮಹಾ ಸಂಸ್ಥೆಯ ಮೂಲ ಅದೇ.

ವಿದ್ಯುತ್ ಕೀಲಿಮಣೆಯಲ್ಲಿ ತಂತಿಯೂ ಇಲ್ಲ, ನಾಲಗೆಯೂ ಇಲ್ಲ. ಒಳ್ಳೆಯ ಪಿಯಾನೊ ಒಂದರ ನಾದವನ್ನು ಮೊದಲೇ ಮುದ್ರಿಸಿಕೊಂಡು, ಅದನ್ನು ಅಂಕೆಗಳಾಗಿ ಮಾರ್ಪಡಿಸಿ ವಾದ್ಯದ ನೆನಪಿನಲ್ಲಿ ತುಂಬಿರುತ್ತಾರೆ. ಧ್ವನಿಯ ಅಲೆಯನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು ಬರೆದುಕೊಳ್ಳುವುದು ಸಾಮಾನ್ಯವಾದ ಒಂದು ಕ್ರಮ. ಕೀಲಿಯನ್ನು ಒತ್ತಿದಾಗ ಆ ಅಂಕೆಗಳು ಮತ್ತೆ ವಿದ್ಯುತ್ ಅಲೆಯಾಗಿ, ಧ್ವನಿವರ್ಧಕದ ಮೂಲಕ ನಾದವಾಗಿ ಹೊರಬರುತ್ತವೆ. ಬೇರೆ ಬೇರೆ ಸಂಸ್ಥೆಗಳ ವಾದ್ಯಗಳೂ ಗಣಕಯಂತ್ರವೂ ಒಂದಕ್ಕೊಂದು ಮಾತನಾಡುವಂತೆ ಮಾಡಿದ ‘ಮಿಡಿ’ ಎಂಬ ಸಂಕೇತ ಪದ್ಧತಿ 1983ರಲ್ಲಿ ಬಳಕೆಗೆ ಬಂದಿತು.

ಇನ್ನು ಆಯ್ಕೆಯ ವಿಚಾರ. ಮೊದಲನೆಯದು ಕೀಲಿಗಳ ಸಂಖ್ಯೆ. ಪೂರ್ಣ ಪಿಯಾನೊದಲ್ಲಿ 52 ಬಿಳಿ, 36 ಕಪ್ಪು, ಒಟ್ಟು 88 ಕೀಲಿಗಳಿರುತ್ತವೆ. ಕೀಲಿಮಣೆಗಳು 61, 76 ಮತ್ತು 88 ಕೀಲಿಗಳಲ್ಲಿ ದೊರೆಯುತ್ತವೆ. ಕೈಯಿಂದ ಒತ್ತುವ ಹಾರ್ಮೋನಿಯಂನಲ್ಲಿ ಸಾಮಾನ್ಯವಾಗಿ ಇರುವುದು ಮೂರು, ಮೂರೂವರೆ ಸಪ್ತಕಗಳು ಮಾತ್ರ. ಹಾಡಿಗೆ ಸಾಥಿ ಕೊಡುವವರಿಗೆ ಐದು ಸಪ್ತಕಗಳ 61 ಕೀಲಿಯ ವಾದ್ಯ ಸಾಕಾಗಿ ಮಿಗುತ್ತದೆ. ಪಾಶ್ಚಾತ್ಯ ಪಿಯಾನೊ ಕೃತಿಗಳನ್ನು ಕ್ರಮವಾಗಿ ಕಲಿಯಬೇಕೆನ್ನುವವರಿಗೆ 88 ಕೀಲಿಗಳು ಬೇಕು. ಮಕ್ಕಳಿಗೆಂದು ಮಾಡಿದ ಕಿರಿದಾದ ಕೀಲಿಗಳ ವಾದ್ಯವನ್ನು ಕಲಿಕೆಗೆ ಕೊಳ್ಳಬಾರದು. ಅದರಲ್ಲಿ ಪಳಗಿದ ಬೆರಳುಗಳು ಸರಿಯಾದ ಅಳತೆಯ ವಾದ್ಯದ ಮುಂದೆ ದಾರಿ ತಪ್ಪುತ್ತವೆ.

ಎರಡನೆಯದು ಕೀಲಿಯ ಸ್ಪರ್ಶ. ಇದು ಎಲ್ಲಕ್ಕಿಂತ ಮುಖ್ಯ. ಅಗ್ಗದ ಕೆಲವು ವಾದ್ಯಗಳಲ್ಲಿ ಮೆಲ್ಲನೆ ಒತ್ತಿದರೂ ಬಲವಾಗಿ ಒತ್ತಿದರೂ ದನಿ ಒಂದೇ. ಸ್ಪರ್ಶವನ್ನು ಗುರುತಿಸುವ ವಾದ್ಯಗಳಲ್ಲಿ ಪ್ರತಿ ಕೀಲಿಯ ಕೆಳಗೆ ಸಾಮಾನ್ಯವಾಗಿ ಎರಡು ಸಂಪರ್ಕ ಬಿಂದುಗಳಿರುತ್ತವೆ. ಕೀಲಿ ಇಳಿಯುವಾಗ ಮೊದಲು ಒಂದು, ಅನಂತರ ಇನ್ನೊಂದು ಕೂಡುತ್ತದೆ. ಇವೆರಡರ ನಡುವಿನ ಕಾಲವನ್ನು ವಾದ್ಯವು ಅಳೆಯುತ್ತದೆ. ಕಾಲ ಕಡಿಮೆಯಾದರೆ ಬೆರಳು ವೇಗವಾಗಿ ಬಿತ್ತೆಂದು ತಿಳಿದು ದನಿಯನ್ನು ಏರಿಸುತ್ತದೆ. ಪಿಯಾನೊದ ಕೀಲಿಯನ್ನು ಇಳಿಸಲು ಸುಮಾರು 50 ಗ್ರಾಂ ತೂಕದಷ್ಟು ಬಲ ಬೇಕು. ಆ ಭಾರವನ್ನು ಅನುಕರಿಸಲು ಕೆಲವು ವಾದ್ಯಗಳ ಒಳಗೆ ನಿಜವಾದ ಪುಟ್ಟ ಸುತ್ತಿಗೆಗಳನ್ನೇ ಇಟ್ಟಿರುತ್ತಾರೆ. ಅವು ತಂತಿಯನ್ನು ಬಡಿಯುವುದಿಲ್ಲ. ಬೆರಳಿಗೆ ಭಾರವನ್ನು ತಿಳಿಸುತ್ತವೆ, ಅಷ್ಟೆ. ಪಿಯಾನೊ ಕಲಿಯುವವರಿಗೆ ಇದು ಅಗತ್ಯ. ಆದರೆ ಇಂಥ ವಾದ್ಯ ಬೆಲೆಯಲ್ಲಿಯೂ ತೂಕದಲ್ಲಿಯೂ ಹೆಚ್ಚು. ಊರೂರಿಗೆ ಬಸ್ಸಿನಲ್ಲಿ ಹೊತ್ತೊಯ್ದು ಭಜನೆಗೆ ನುಡಿಸುವವರಿಗೆ ಹಗುರವಾದ ಕೀಲಿಗಳೇ ಅನುಕೂಲ.

ಮೂರನೆಯದು, ಏಕಕಾಲದಲ್ಲಿ ಎಷ್ಟು ನಾದಗಳು ಹೊಮ್ಮಬಲ್ಲವು ಎಂಬುದು. ಬೆರಳುಗಳು ಹತ್ತೇ ಆದರೂ, ಕಾಲಿನ ಪೆಡಲನ್ನು ಒತ್ತಿ ಹಿಡಿದಾಗ ಹಿಂದಿನ ಸ್ವರಗಳು ಉಳಿದು ಹೊಸವು ಸೇರುತ್ತವೆ. 32 ನಾದಗಳ ಮಿತಿಯ ವಾದ್ಯದಲ್ಲಿ ಹಳೆಯ ಸ್ವರ ನಡುವೆಯೇ ಕಡಿದುಹೋಗಬಹುದು. 64 ಅಥವಾ 128 ಇದ್ದರೆ ಆ ತೊಡಕು ವಿರಳ. ಇಷ್ಟನ್ನು ನೋಡಿದ ಮೇಲೆ ಧ್ವನಿವರ್ಧಕದ ಸ್ಪಷ್ಟತೆ, ಕಿವಿಗೆ ಧರಿಸುವ ಹೆಡ್‌ಫೋನಿನ ಸೌಕರ್ಯ, ವಿದ್ಯುತ್ತು ಹೋದಾಗ ಬ್ಯಾಟರಿಯಿಂದ ನಡೆಯುವ ಅನುಕೂಲ ಇವನ್ನು ಪರೀಕ್ಷಿಸಬೇಕು. ಐದು ನೂರು ನಾದಗಳಿವೆ, ಇನ್ನೂರು ತಾಳಗಳಿವೆ ಎಂಬ ಹೆಗ್ಗಳಿಕೆಗೆ ಮರುಳಾಗಬಾರದು. ಅವುಗಳಲ್ಲಿ ನಿತ್ಯ ಉಪಯೋಗಕ್ಕೆ ಬರುವುವು ನಾಲ್ಕೋ ಐದೋ.

ವಾದ್ಯ ಮನೆಗೆ ಬಂದ ಮೇಲೆ ಅದನ್ನು ಕಾಪಾಡುವ ಹೊಣೆಯುಂಟು. ಬಳ್ಳಾರಿಯ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಕಿಟಕಿಯ ಬಿಸಿಲಿಗೆ ಒಡ್ಡಿದ ವಾದ್ಯ ಬಹುಕಾಲ ಬಾಳದು. ಭತ್ತ ತೂರುವ ಕಾಲದ ಧೂಳು ಕೀಲಿಗಳ ಸಂದಿಗೆ ಇಳಿದು, ಒಳಗಿನ ಸಂಪರ್ಕ ಬಿಂದುಗಳನ್ನು ಕೆಡಿಸುತ್ತದೆ. ಆದುದರಿಂದ ನುಡಿಸಿದ ಮೇಲೆ ಬಟ್ಟೆ ಮುಚ್ಚಬೇಕು. ವಾದ್ಯದೊಡನೆ ಬಂದ ವಿದ್ಯುತ್ ಅಡಾಪ್ಟರನ್ನೇ ಬಳಸಬೇಕು. ಬೇರೊಂದನ್ನು ಜೋಡಿಸುವುದಾದರೆ ವೋಲ್ಟೇಜೂ ಧನ ಋಣ ತುದಿಗಳೂ ಹೊಂದುತ್ತವೆಯೇ ಎಂದು ನೋಡದೆ ಜೋಡಿಸಬಾರದು. ಬಹುದಿನ ನುಡಿಸದಿದ್ದರೆ ಬ್ಯಾಟರಿಗಳನ್ನು ಹೊರತೆಗೆದಿಡಬೇಕು. ಅವು ಸೋರಿ ಒಳಭಾಗವನ್ನು ತಿನ್ನುವುದುಂಟು.

ನುಡಿಸುವಾಗ ಮೊಳಕೈ ಕೀಲಿಗಳ ಮಟ್ಟಕ್ಕೆ ಬರುವಂತೆ ಆಸನವಿರಬೇಕು. ಮಣಿಕಟ್ಟು ಕುಸಿಯಬಾರದು, ಅಂಗೈಯಲ್ಲಿ ನಿಂಬೆಹಣ್ಣು ಹಿಡಿದಂತೆ ಬೆರಳುಗಳು ಬಾಗಿರಬೇಕು. ಹೆಬ್ಬೆರಳಿಗೆ 1, ಕಿರುಬೆರಳಿಗೆ 5 ಎಂದು ಸಂಖ್ಯೆ ಕೊಡುವುದು ವಾಡಿಕೆ. ಎರಡು ಕಪ್ಪು ಕೀಲಿಗಳ ಗುಂಪಿಗೆ ಎಡಮಗ್ಗುಲಲ್ಲಿರುವ ಬಿಳಿ ಕೀಲಿಯೇ ‘ಬಿಳಿ ಒಂದು’. ಅದನ್ನು ಷಡ್ಜವೆಂದು ಹಿಡಿದು ಬಿಳಿ ಕೀಲಿಗಳನ್ನೇ ಅನುಸರಿಸಿದರೆ ಶಂಕರಾಭರಣದ ಸ್ವರಗಳು ದೊರೆಯುತ್ತವೆ. ಹಿಂದೂಸ್ತಾನಿಯಲ್ಲಿ ಇದೇ ಬಿಲಾವಲ್. ಬಲಗೈಯಲ್ಲಿ ಸ ರಿ ಗ ಎಂಬುವನ್ನು 1, 2, 3ರಿಂದ ನುಡಿಸಿ, ಹೆಬ್ಬೆರಳನ್ನು ನಡುಬೆರಳಿನ ಅಡಿಯಿಂದ ನುಸುಳಿಸಿ, ಮ ಪ ದ ನಿ ಸ ಎಂಬುವನ್ನು 1, 2, 3, 4, 5ರಿಂದ ಮುಗಿಸಬೇಕು. ಐದು ಬೆರಳುಗಳಿಂದ ಎಂಟು ಸ್ವರಗಳನ್ನು ತಡೆಯಿಲ್ಲದೆ ದಾಟುವ ಉಪಾಯ ಇದು. ಹಾಡುವವರ ಶ್ರುತಿ ಬದಲಾದಾಗ ಒಂದು ಗುಂಡಿ ಒತ್ತಿ ಇಡೀ ಮಣೆಯ ಶ್ರುತಿಯನ್ನು ಏರಿಳಿಸುವ ಏರ್ಪಾಡು ಇಂದಿನ ವಾದ್ಯಗಳಲ್ಲಿದೆ. ಸಭೆಯಲ್ಲಿ ಅದು ಉಪಕಾರಿ, ಅಭ್ಯಾಸದಲ್ಲಿ ಅಪಕಾರಿ. ಅದನ್ನೇ ನಂಬಿದವನ ಕೈಗೆ ಒಂದೇ ದಾರಿ ಗೊತ್ತು. ಉಳಿದ ಹನ್ನೊಂದು ದಾರಿಗಳು ಮುಚ್ಚಿಯೇ ಇರುತ್ತವೆ.

ಈ ವಾದ್ಯಕ್ಕೊಂದು ಮಿತಿಯಿದೆ. ಅದನ್ನು ಕಲಿಯುವವರು ಮೊದಲ ದಿನವೇ ತಿಳಿದಿರಬೇಕು. ಷಡ್ಜವು ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಂಡರೆ, ತಂಬೂರಿಯೊಡನೆ ಬೆರೆತು ನಿಲ್ಲುವ ಶುದ್ಧವಾದ ಅಂತರ ಗಾಂಧಾರ 300 ಕಂಪನಗಳದು, ಪಂಚಮ 360ರದು. ಕೀಲಿಮಣೆಯಲ್ಲಾದರೋ ಒಂದು ಸಪ್ತಕವನ್ನು ಹನ್ನೆರಡು ಸಮಪಾಲಾಗಿ ಹಂಚಿರುತ್ತಾರೆ. ಯಾವ ಕೀಲಿಯಿಂದ ಹೊರಟರೂ ಹಾಡು ಒಂದೇ ಬಗೆಯಾಗಿ ಕೇಳಲೆಂದು ಮಾಡಿಕೊಂಡ ಒಪ್ಪಂದ ಇದು. ಆ ಹಂಚಿಕೆಯಲ್ಲಿ ಪಂಚಮ 359.6 ಆಗುತ್ತದೆ, ಕಿವಿಗೆ ವ್ಯತ್ಯಾಸ ತೋರದು. ಆದರೆ ಗಾಂಧಾರ 302.4 ಆಗುತ್ತದೆ. ಹದಗೊಂಡ ಕಿವಿಗೆ ಅದು ತುಸು ಚೂಪಾಗಿ ಕೇಳುತ್ತದೆ. ಅಲ್ಲದೆ, ನಮ್ಮ ಸಂಗೀತದ ಜೀವವಾದ ಗಮಕ, ಮೀಂಡುಗಳಲ್ಲಿ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ಕೀಲಿಮಣೆಯಲ್ಲಿ ಇರುವುದು ಹನ್ನೆರಡು ಮೆಟ್ಟಿಲುಗಳು. ಮೆಟ್ಟಿಲುಗಳ ನಡುವೆ ಇಳಿಜಾರಿಲ್ಲ. ಕೆಲವು ವಾದ್ಯಗಳ ಎಡಬದಿಯಲ್ಲಿ ಸ್ವರವನ್ನು ಬಾಗಿಸುವ ಒಂದು ಚಕ್ರವಿರುತ್ತದೆ. ಅದು ಜಾರಿಕೆಯನ್ನು ತೋರಬಲ್ಲದು; ಎಲ್ಲಿ ಜಾರಬೇಕು, ಎಷ್ಟು ಜಾರಬೇಕು ಎಂಬುದನ್ನು ಕಲಿಸಲಾರದು.

ಈ ಆಕ್ಷೇಪಗಳು ಹೊಸವಲ್ಲ. ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಒಗ್ಗದೆಂದು 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. ಆ ನಿಷೇಧ ಭಾಗಶಃ ಸಡಿಲಗೊಂಡದ್ದು 1971ರಲ್ಲಿ. ಮೂರು ದಶಕಗಳ ಆ ಅವಧಿಯಲ್ಲಿ ಪೇಟಿ ಮಾಸ್ತರರು ಸುಮ್ಮನೆ ಕೂರಲಿಲ್ಲ. ನಾಟಕದ ರಂಗದಲ್ಲಿಯೂ ಭಜನೆಯ ಮನೆಗಳಲ್ಲಿಯೂ ವಾದ್ಯ ನುಡಿಯುತ್ತಲೇ ಇತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದವರು. ಅವರು ಹಾರ್ಮೋನಿಯಂ ಸೇರಿದಂತೆ ಹಲವು ವಾದ್ಯಗಳಲ್ಲಿ ಪರಿಣತರಾಗಿ, ತಮ್ಮಂತೆ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದರು. ಅವರು ಗಾಯಕರೂ ಆಗಿದ್ದರು ಎಂಬುದನ್ನು ಇಲ್ಲಿ ಮರೆಯಬಾರದು. ಕಂಠದಲ್ಲಿ ಹಾಡು ನೆಲೆಗೊಂಡವರ ಕೈಯಲ್ಲಿ ಮೆಟ್ಟಿಲುಗಳ ವಾದ್ಯವೂ ಹಾಡಿನ ಇಳಿಜಾರನ್ನು ಸೂಚಿಸಬಲ್ಲದು. ಕಂಠವನ್ನು ಬಿಟ್ಟು ಕೀಲಿಯನ್ನಷ್ಟೇ ಹಿಡಿದವರಿಗೆ ಆ ಇಳಿಜಾರು ಇದೆಯೆಂಬುದೇ ತಿಳಿಯದು.

ಬಯಲಾಟದ ಭಾಗವತರು ಎಳೆದು ಹಾಡುವ ಪದದಲ್ಲಿ, ತಾಯಂದಿರು ಸೋಬಾನೆ ಹಾಡುವಾಗಿನ ದನಿಯಲ್ಲಿ, ಯಾವ ಕೀಲಿಗೂ ಸಿಗದ ಸ್ವರಗಳಿವೆ. ಕೀಲಿಮಣೆ ನುಡಿದದ್ದೇ ಸರಿ, ಅಜ್ಜಿ ಹಾಡಿದ್ದು ತಪ್ಪು ಎಂದು ಎಳೆಯ ಕಿವಿಗಳು ನಂಬಿದರೆ, ಆ ಸ್ವರಗಳು ಒಂದೇ ತಲೆಮಾರಿನಲ್ಲಿ ಮರೆಯಾಗಬಹುದು. ಹಾಗೆ ಮರೆಯಾದುದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.

ಆದುದರಿಂದ ಕುರುಗೋಡಿನ ಆ ಹುಡುಗಿ ಅಂಗಡಿಯಲ್ಲಿ ಮಾಡಬೇಕಾದ ಕೆಲಸ ಸರಳವಾದುದು. ಮೊದಲು ಗುಂಡಿಗಳ ಹೊಳಪನ್ನು ಮರೆತು ಪಿಯಾನೊ ನಾದವೊಂದನ್ನೇ ಹಚ್ಚಲಿ. ಒಂದು ಕೀಲಿಯನ್ನು ಮೆಲ್ಲನೆ, ಮತ್ತೆ ಬಲವಾಗಿ ಒತ್ತಿ, ದನಿ ಬದಲಾಯಿತೇ ಎಂದು ಆಲಿಸಲಿ. ಅನಂತರ ತನಗೆ ಚೆನ್ನಾಗಿ ಬರುವ ಒಂದು ಪದವನ್ನು ಬಾಯಲ್ಲಿ ಗುನುಗಿ, ಅದರ ಷಡ್ಜ ಯಾವ ಕೀಲಿಯಲ್ಲಿದೆ ಎಂದು ಹುಡುಕಲಿ. ಮನೆಗೆ ತಂದ ಮೇಲೆಯೂ ಅದೇ ಕ್ರಮ ನಡೆಯಲಿ. ಮೊದಲು ಹಾಡುವುದು, ಆಮೇಲೆ ನುಡಿಸುವುದು. ತನ್ನ ದನಿಗೂ ವಾದ್ಯದ ದನಿಗೂ ಎಲ್ಲಿ ಕೂದಲೆಳೆಯ ಅಂತರವಿದೆ ಎಂಬುದು ಅವಳಿಗೆ ಕೇಳಿಸತೊಡಗಿದ ದಿನ, ತಂದೆ ತೆತ್ತ ಹಣ ಸಾರ್ಥಕವಾದಂತೆ.