ಸ್ಟ್ರಾಟ್‌ಫರ್ಡ್‌ನ ಹಳೆಯ ದಫ್ತರ ಓದುವ ಬಗೆ

1552ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್-ಅಪಾನ್-ಏವನ್ ಊರಿನ ಮೂವರಿಗೆ ತಲಾ 12 ಪೆನ್ನಿ ದಂಡ ಬಿತ್ತು. ಹೆನ್ಲಿ ಬೀದಿಯಲ್ಲಿ ತಿಪ್ಪೆ ಹಾಕಿದ್ದು ಅವರ ತಪ್ಪು. ಮೂವರಲ್ಲಿ ಒಬ್ಬ ಜಾನ್ ಶೇಕ್ಸ್‌ಪಿಯರ್, ನಾಟಕಕಾರನ ತಂದೆ. ಆತ ಆ ಬೀದಿಯಲ್ಲಿ ವಾಸವಿದ್ದನೆಂಬುದಕ್ಕೆ ನಮಗಿರುವ ಮೊದಲ ಸಾಕ್ಷಿಯೇ ಈ ದಂಡ. ಗುಮಾಸ್ತನಿಗೆ ಇತಿಹಾಸ ಬರೆಯುವ ಉಮೇದು ಇರಲಿಲ್ಲ, ವಸೂಲಿಯ ಲೆಕ್ಕ ಬೇಕಿತ್ತು. ಹಾಗಾಗಿಯೇ ಹೊಗಳಿಕೆಯ ಚರಿತ್ರೆಗಳಿಗಿಂತ ಇಂಥ ಕಡತ ನನಗೆ ಹೆಚ್ಚು ನಂಬಿಕಸ್ತ ಅನಿಸುತ್ತದೆ.

ಹುಡುಕಾಟವನ್ನು ಚರ್ಚಿನ ರಿಜಿಸ್ಟರ್‌ನಿಂದ ಶುರುಮಾಡುವುದು ಒಳ್ಳೆಯದು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪ್ರತಿ ಚರ್ಚೂ ದಾಖಲಿಸಬೇಕೆಂದು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. ಸ್ಟ್ರಾಟ್‌ಫರ್ಡ್‌ನಲ್ಲಿ ಉಳಿದಿರುವುದು 1558ರಿಂದೀಚೆಗಿನ ದಾಖಲೆ. ಅದೂ ಮೂಲವಲ್ಲ: ಹಳೆಯ ನಮೂದುಗಳನ್ನು ಚರ್ಮಪತ್ರಕ್ಕೆ ನಕಲಿಸಬೇಕೆಂಬ ಆದೇಶದಂತೆ 1600ರ ಹೊತ್ತಿಗೆ ತಯಾರಾದ ಪ್ರತಿ. 1564ರ ಏಪ್ರಿಲ್ 26ರಂದು ವಿಲಿಯಂ ಶೇಕ್ಸ್‌ಪಿಯರ್‌ಗೆ ದೀಕ್ಷಾಸ್ನಾನವಾಯಿತೆಂಬ ಪ್ರಸಿದ್ಧ ಸಾಲು ಕೂಡ ನಕಲೇ. ಎದುರಿಗಿರುವುದು ಮೂಲವೋ ಪ್ರತಿಯೋ ಎಂದು ಕೇಳಿಕೊಳ್ಳದೆ ಮುಂದಿನ ಪುಟಕ್ಕೆ ಹೋಗಬಾರದು.

ಅದೇ ವರ್ಷದ ಜುಲೈ 11ರ ಶವಸಂಸ್ಕಾರದ ನಮೂದಿನ ಪಕ್ಕದಲ್ಲಿ, ಪ್ಲೇಗ್ ಇಲ್ಲಿಂದ ಶುರುವಾಯಿತೆಂದು ಲ್ಯಾಟಿನ್‌ನಲ್ಲಿ ಮೂರೇ ಪದಗಳಿವೆ. ಸತ್ತವನು ನೇಕಾರನ ಬಳಿ ಕೆಲಸ ಕಲಿಯುತ್ತಿದ್ದ ಆಲಿವರ್ ಗನ್. ಆಮೇಲೆ ಪುಟಗಳಲ್ಲಿ ಹೆಸರುಗಳು ಒತ್ತೊತ್ತಾಗುತ್ತವೆ. ವರ್ಷ ಮುಗಿಯುವುದರೊಳಗೆ ಇನ್ನೂರಕ್ಕೂ ಹೆಚ್ಚು ಜನ ಮಣ್ಣಾದರು. ಈಗ ಪುರಸಭೆಯ ಕಡತ ತೆಗೆಯಿರಿ. ಆಗಸ್ಟ್ ಕೊನೆಯಲ್ಲಿ ಸದಸ್ಯರು ಸೋಂಕಿಗೆ ಅಂಜಿ ತೋಟದಲ್ಲಿ ಸಭೆ ಸೇರಿ, ರೋಗಪೀಡಿತ ಮನೆಗಳ ನೆರವಿಗೆ ಚಂದಾ ಎತ್ತಿದ್ದು ಅಲ್ಲಿದೆ. ಕೊಟ್ಟವರ ಪಟ್ಟಿಯಲ್ಲಿ ಜಾನ್ ಇದ್ದಾನೆ. ಮನೆಯಲ್ಲಿ ಆಗ ಕೆಲವೇ ತಿಂಗಳ ಕೂಸು. ರಿಜಿಸ್ಟರ್ ಸಾವನ್ನಷ್ಟೇ ಹೇಳುತ್ತದೆ, ಕಡತ ಚಂದಾವನ್ನಷ್ಟೇ. ಎರಡನ್ನೂ ಜೊತೆಗಿಟ್ಟರೆ ಆ ಬೇಸಿಗೆಯ ಊರು ಕಾಣುತ್ತದೆ.

ಕೆಲವೊಮ್ಮೆ ಕಾಗದಕ್ಕೆ ಗೋಡೆಯೇ ಸಾಕ್ಷಿ ನುಡಿಯುತ್ತದೆ. ಜಾನ್ ಪುರಸಭೆಯ ಖಜಾಂಚಿಯಾಗಿದ್ದ ಕಾಲದ ಲೆಕ್ಕದಲ್ಲಿ, ಊರಿನ ಪ್ರಾರ್ಥನಾಮಂದಿರವಾದ ಗಿಲ್ಡ್ ಚಾಪೆಲ್‌ನ ಚಿತ್ರಗಳನ್ನು ಅಳಿಸಿದ್ದಕ್ಕೆ 2 ಶಿಲಿಂಗ್ ಖರ್ಚು ಬರೆದಿದೆ. ಅಳಿಸಿದ್ದೆಂದರೆ ಬಹುಪಾಲು ಸುಣ್ಣ ಬಳಿದದ್ದು. 1804ರಲ್ಲಿ ಆ ಸುಣ್ಣದಡಿಯಿಂದ ಮಧ್ಯಯುಗದ ಚಿತ್ರಗಳು ಹೊರಬಂದವು.

ತಾರೀಖಿನಲ್ಲಿ ಒಂದು ತೊಡಕಿದೆ. 1752ಕ್ಕೆ ಮುಂಚೆ ಇಂಗ್ಲೆಂಡಿನ ಆಡಳಿತ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಕಾಗದದ ಮೇಲೆ 1597ರ ಫೆಬ್ರವರಿ ಎಂದಿದ್ದರೆ ನಮ್ಮ ಎಣಿಕೆಯಲ್ಲಿ ಅದು 1598. ಬೆಳೆ ಕೈಕೊಟ್ಟು ಧಾನ್ಯ ದುಬಾರಿಯಾಗಿದ್ದ ಆ ಫೆಬ್ರವರಿಯಲ್ಲಿ ಯಾರ ಮನೆಯಲ್ಲಿ ಎಷ್ಟು ದಾಸ್ತಾನಿದೆಯೆಂದು ಅಧಿಕಾರಿಗಳು ಪಟ್ಟಿ ಮಾಡಿದರು. ವಿಲಿಯಂ ಶೇಕ್ಸ್‌ಪಿಯರ್ ಹೆಸರಿನ ಮುಂದೆ 10 ಕ್ವಾರ್ಟರ್, ಅಂದರೆ ಸುಮಾರು 80 ಬುಷೆಲ್ ಮಾಲ್ಟ್ ಇದೆ. ಹಸಿದ ಊರಿನಲ್ಲಿ ಅದು ಸಣ್ಣ ದಾಸ್ತಾನಲ್ಲ.

ಅದೇ 1598ರ ಅಕ್ಟೋಬರ್‌ನಲ್ಲಿ ಊರಿನ ಕೆಲಸಕ್ಕೆ ಲಂಡನ್‌ಗೆ ಹೋಗಿದ್ದ ರಿಚರ್ಡ್ ಕ್ವೈನಿ 30 ಪೌಂಡ್ ಸಾಲ ಕೇಳಿ ಶೇಕ್ಸ್‌ಪಿಯರ್‌ಗೆ ಪತ್ರ ಬರೆದ. ನಾಟಕಕಾರನ ಹೆಸರಿಗೆ ಬರೆದು ಇಂದಿಗೂ ಉಳಿದಿರುವ ಪತ್ರ ಇದೊಂದೇ. ಸಿಕ್ಕಿದ್ದು ಮಾತ್ರ ಕ್ವೈನಿಯ ಕಾಗದಗಳ ನಡುವೆ. ಬಹುಶಃ ಅದನ್ನು ಕಳಿಸಲೇ ಇಲ್ಲ.

ಹುಡುಕುವವರು ಆ ಕಾಲದ ಕೈಬರಹವನ್ನೂ ಕಲಿಯಬೇಕು. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ಅದಕ್ಕೆ ಆನ್‌ಲೈನ್‌ನಲ್ಲಿ ಉಚಿತ ಪಾಠ ಇಟ್ಟಿದೆ. ಊರಿನ ಬಹಳಷ್ಟು ದಾಖಲೆಗಳು ಸ್ಟ್ರಾಟ್‌ಫರ್ಡ್‌ನಲ್ಲೇ, ಶೇಕ್ಸ್‌ಪಿಯರ್ ಬರ್ತ್‌ಪ್ಲೇಸ್ ಟ್ರಸ್ಟ್‌ನಲ್ಲಿವೆ. ಶೇಕ್ಸ್‌ಪಿಯರ್‌ನ ಉಯಿಲು ಅಲ್ಲಿಲ್ಲ. ಅದು ಕ್ಯಾಂಟರ್ಬರಿ ಆರ್ಚ್‌ಬಿಷಪ್‌ನ ನ್ಯಾಯಾಲಯದಲ್ಲಿ ಸಿಂಧುವಾದದ್ದರಿಂದ ಆ ನ್ಯಾಯಾಲಯದ ಕಾಗದಗಳ ಜೊತೆ ಲಂಡನ್ನಿನ ಕ್ಯೂ ಪ್ರದೇಶದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ.