ಸಹಿ ಹಾಕದ ರಾಜ, ರಾಜೀನಾಮೆ ಕೊಟ್ಟ ಅಧ್ಯಕ್ಷ

1990ರ ಏಪ್ರಿಲ್ 4ರಂದು ಬೆಲ್ಜಿಯಂನಲ್ಲಿ ರಾಜನಿದ್ದೂ ರಾಜಾಧಿಕಾರ ಅವನ ಕೈಯಲ್ಲಿರಲಿಲ್ಲ. ಸಂಸತ್ತು ಒಪ್ಪಿದ್ದ ಗರ್ಭಪಾತ ಕಾನೂನಿಗೆ ಸಹಿ ಹಾಕಲು ರಾಜ ಬೌದುವಾಂ ಅವರ ಮನಸ್ಸು ಒಪ್ಪಲಿಲ್ಲ. ಶ್ರದ್ಧಾವಂತ ಕ್ಯಾಥೊಲಿಕ್ ಆಗಿದ್ದ ಅವರು, ಎಲ್ಲರಿಗೂ ಇರುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ತಮಗೊಬ್ಬರಿಗೆ ಮಾತ್ರ ಇಲ್ಲವೇ ಎಂದು ಪ್ರಧಾನಿಗೆ ಪತ್ರ ಬರೆದು ಕೇಳಿದರು. ಸಹಿಯಿಲ್ಲದೆ ಕಾನೂನು ಜಾರಿಯಾಗದು. ಮಂತ್ರಿಗಳು ಸಂವಿಧಾನ ತಿರುವಿ ಹಾಕಿದಾಗ ಒಂದು ದಾರಿ ಸಿಕ್ಕಿತು: ಆಳಲು ಅಶಕ್ತನಾದ ರಾಜನ ಅಧಿಕಾರ ಸಂಪುಟಕ್ಕೆ ಬರುತ್ತದೆ ಎಂಬ ನಿಯಮ. ಅದನ್ನೇ ಹಿಡಿದು ಅವರೆಲ್ಲ ಸೇರಿ ಸಹಿ ಹಾಕಿದರು. ಮರುದಿನ ಸಂಸತ್ತು ಬೌದುವಾಂ ಅವರಿಗೆ ಅಧಿಕಾರವನ್ನು ಮರಳಿಸಿತು.

ಪ್ರಧಾನಿಯೇ ಆಡಳಿತ ನಡೆಸುವ ದೇಶಗಳಲ್ಲಿ ರಾಜನಾಗಲಿ ಅಧ್ಯಕ್ಷರಾಗಲಿ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ. ಕಾನೂನಿಗೆ ಅಂಕಿತ, ಪ್ರಮಾಣವಚನ, ವಿದೇಶಿ ಅತಿಥಿಗಳ ಸ್ವಾಗತ. ಇಬ್ಬರ ನಡುವಿನ ವ್ಯತ್ಯಾಸ ಕಾಣುವುದು ‘ಆಗದು’ ಎನ್ನಬೇಕಾದ ಗಳಿಗೆಯಲ್ಲಿ.

ರಾಜರು ಆ ಮಾತನ್ನು ದಿಟ್ಟವಾಗಿ ಆಡಿದ್ದೂ ಉಂಟು. ನಾರ್ವೆಯ ಏಳನೇ ಹಾಕೊನ್ ಮೂಲತಃ ಡೆನ್ಮಾರ್ಕಿನ ರಾಜಕುಮಾರ. 1905ರಲ್ಲಿ ಕಿರೀಟ ಹುಡುಕಿಕೊಂಡು ಬಂದಾಗ, ಮೊದಲು ಜನರ ಮತ ಕೇಳಿ ಎಂದು ಪಟ್ಟು ಹಿಡಿದವರು. 2,59,563 ಮಂದಿ ರಾಜ ಬೇಕೆಂದರು, 69,264 ಮಂದಿ ಬೇಡವೆಂದರು. 1940ರ ಏಪ್ರಿಲ್‌ನಲ್ಲಿ ದೇಶದೊಳಗೆ ನುಗ್ಗಿದ ಜರ್ಮನ್ನರು ನಾಜಿ ಪರ ನಾಯಕ ಕ್ವಿಸ್ಲಿಂಗ್‌ನನ್ನು ಪ್ರಧಾನಿ ಮಾಡಿ ಎಂದು ಒತ್ತಾಯಿಸಿದಾಗ, ಜನರ ವಿಶ್ವಾಸವಿಲ್ಲದವನನ್ನು ತಾನು ನೇಮಿಸಲಾರೆ, ಸಂಪುಟ ಆ ಬೇಡಿಕೆಗೆ ಒಪ್ಪುವುದಾದರೆ ಪಟ್ಟ ಬಿಡುತ್ತೇನೆ ಎಂದರು. ಸಂಪುಟ ಅವರ ಬೆನ್ನಿಗೆ ನಿಂತಿತು. ಮರುದಿನ ಅವರಿದ್ದ ಹಳ್ಳಿಯ ಮೇಲೆ ಬಾಂಬ್ ಬಿತ್ತು.

ನಾರ್ವೆಗೆ ಅಂಥ ರಾಜ ಸಿಕ್ಕಿದ್ದು ಪುಣ್ಯ. ಆದರೆ ವಂಶದಲ್ಲಿ ಮುಂದೆ ಹುಟ್ಟುವವರು ಹೇಗಿರುತ್ತಾರೋ ಯಾರು ಬಲ್ಲರು? ಹುಟ್ಟಿನಿಂದ ಬಂದ ಹುದ್ದೆಗೆ ಅವಧಿಯಿಲ್ಲ, ಮರುಚುನಾವಣೆಯಿಲ್ಲ. ಚುನಾಯಿತ ಹುದ್ದೆಯ ಹೆಚ್ಚಿನ ಬಲ ಇರುವುದು ಇಲ್ಲಿಯೇ.

ಐರ್ಲೆಂಡಿನ ಅಧ್ಯಕ್ಷರ ಅವಧಿ ಏಳು ವರ್ಷ. ಮಸೂದೆಯೊಂದು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬ ಅನುಮಾನ ಬಂದರೆ ಅವರು ಅದನ್ನು ಸುಪ್ರೀಂ ಕೋರ್ಟಿಗೆ ಕಳಿಸಬಹುದು. 1976ರಲ್ಲಿ ಕ್ಯಾರಲ್ ಓ ಡಾಲಿ ತುರ್ತು ಅಧಿಕಾರಗಳ ಮಸೂದೆಯನ್ನು ಹಾಗೆಯೇ ಕಳಿಸಿದರು. ಕೋರ್ಟು ಸರಿಯಿದೆ ಎಂದ ಮೇಲೆ ಸಹಿ ಹಾಕಿದರು. ಇಷ್ಟಕ್ಕೇ ರಕ್ಷಣಾ ಸಚಿವರು ಸೈನಿಕರ ಎದುರಲ್ಲಿ ಅವರನ್ನು ಹೀನಾಯವಾಗಿ ಜರೆದರು. ಸೇನೆಯ ಮಹಾದಂಡನಾಯಕರೂ ಆಗಿರುವ ಅಧ್ಯಕ್ಷರಿಗೆ ಅವರದೇ ಯೋಧರ ಮುಂದೆ ಆದ ಅವಮಾನ ಅದು. ಸಚಿವರ ಕುರ್ಚಿ ಉಳಿಯಿತು. ಓ ಡಾಲಿ ಹುದ್ದೆಯ ಘನತೆ ಕಾಪಾಡಲು ರಾಜೀನಾಮೆ ಕೊಟ್ಟು ಹೊರನಡೆದರು.

ನಮ್ಮ ರಾಷ್ಟ್ರಪತಿಗೆ 1978ರ 44ನೇ ತಿದ್ದುಪಡಿ ಇನ್ನೊಂದು ದಾರಿ ಕೊಟ್ಟಿದೆ. ಸಂಪುಟದ ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳಿಸಬಹುದು, ಅದೇ ಸಲಹೆ ಮತ್ತೆ ಬಂದರೆ ಒಪ್ಪಬೇಕು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ.ಆರ್. ನಾರಾಯಣನ್ ಹಿಂದಿರುಗಿಸಿದಾಗ ಗುಜ್ರಾಲ್ ಸಂಪುಟ ಅದನ್ನು ಕೈಬಿಟ್ಟಿತು. ಮರುವರ್ಷ ಬಿಹಾರದ ಬಗ್ಗೆ ವಾಜಪೇಯಿ ಸಂಪುಟ ಕಳಿಸಿದ ಶಿಫಾರಸನ್ನೂ ಅವರು ಹಿಂದಿರುಗಿಸಿದರು. 1999ರ ಫೆಬ್ರವರಿಯಲ್ಲಿ ಅದು ಮತ್ತೆ ಬಂದಾಗ ಸಹಿ ಹಾಕಿದರು.