ಮೈಗೂ ಒಂದು ನೆನಪಿದೆ

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು ೨೫ ಕಿಲೋಮೀಟರು ದೂರದಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಖಾನಾಪುರವಿದೆ. ಮಣ್ಣಿನ ಕೆಲಸಕ್ಕೆ ಹೆಸರಾದ ಊರು ಅದು. ಅಲ್ಲಿ ತಿಗರಿಯ ಮುಂದೆ ಕುಳಿತ ಕುಂಬಾರನ ಕೈಗಳನ್ನು ನೋಡಬೇಕು. ಬಾಯಿ ಪಕ್ಕದವರೊಡನೆ ಮಾತನಾಡುತ್ತಿದ್ದರೂ ಕೈ ತನ್ನಷ್ಟಕ್ಕೆ ತಾನೇ ಮಣ್ಣನ್ನು ಮೇಲೆತ್ತಿ ಗಡಿಗೆಯ ಕಂಠವನ್ನು ತೀಡುತ್ತಿರುತ್ತದೆ. ಎಲ್ಲಿ ಒತ್ತಬೇಕು, ಎಲ್ಲಿ ಸಡಿಲಿಸಬೇಕು ಎಂದು ಕೇಳಿದರೆ ಅವನು ಮಾತಿನಲ್ಲಿ ಹೇಳಲಾರ. ಅದು ತಲೆಗಿಂತ ಹೆಚ್ಚಾಗಿ ಕೈಗೆ ತಿಳಿದ ವಿಷಯ.

ಹಾಗಾದರೆ ಕುಂಬಾರನ ಕುಂಬಾರತನ ಇರುವುದೆಲ್ಲಿ? ತಲೆಯಲ್ಲೋ, ಕೈಯಲ್ಲೋ? ತಮಾಷೆಯಾಗಿ ತೋರುವ ಇಂಥದೇ ಒಂದು ಪ್ರಶ್ನೆಯ ಮೇಲೆ ಗಿರೀಶ ಕಾರ್ನಾಡರ ‘ಹಯವದನ’ (೧೯೭೧) ನಾಟಕ ನಿಂತಿದೆ.

ಕಥೆ ಅನೇಕರಿಗೆ ತಿಳಿದದ್ದೇ. ದೇವದತ್ತ ಕವಿ, ಪಂಡಿತ. ಅವನ ಗೆಳೆಯ ಕಪಿಲ ಗಟ್ಟಿಮುಟ್ಟಾದ ಆಳು. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕಡಿದುಕೊಂಡಾಗ, ದೇವಿಯ ವರದಿಂದ ಅವರನ್ನು ಬದುಕಿಸುವ ಅವಸರದಲ್ಲಿ ದೇವದತ್ತನ ಹೆಂಡತಿ ಪದ್ಮಿನಿ ತಲೆಗಳನ್ನು ಅದಲುಬದಲು ಮಾಡಿಬಿಡುತ್ತಾಳೆ. ಈಗ ಗಂಡನಾರು? ಹಳೆಯ ಬೇತಾಳ ಕಥೆಯಲ್ಲಿ ರಾಜನು ಕೊಟ್ಟ ಉತ್ತರ ಸ್ಪಷ್ಟ: ಅಂಗಗಳಲ್ಲಿ ಶಿರಸ್ಸೇ ಶ್ರೇಷ್ಠ, ತಲೆಯಿದ್ದವನೇ ಗಂಡ. ಬೇತಾಳನ ಕಥೆ ಅಲ್ಲಿಗೆ ಮುಗಿಯಿತು. ಕಾರ್ನಾಡರ ನಾಟಕದ ನಿಜವಾದ ತೊಡಕು ಅಲ್ಲಿಂದಲೇ ಆರಂಭ.

ದಿನಗಳು ಉರುಳುತ್ತವೆ. ಓದು ಬರಹಕ್ಕೆ ಮರಳಿದ ದೇವದತ್ತನ ಕೆಳಗೆ ಕಪಿಲನ ಕಟ್ಟುಮಸ್ತಾದ ಮೈ ಮೆತ್ತಗಾಗುತ್ತದೆ. ಕಾಡು ಸೇರಿದ ಕಪಿಲನ ಕೆಳಗೆ ದೇವದತ್ತನ ಮೃದುವಾದ ಮೈ ಗಟ್ಟಿಯಾಗುತ್ತದೆ. ಅಭ್ಯಾಸವು ಕಾಲದ ಕೈ ಹಿಡಿದು ಇಬ್ಬರನ್ನೂ ಮತ್ತೆ ಮೊದಲಿನವರನ್ನಾಗಿ ಮಾಡಿತೆಂದು ತೋರುವಷ್ಟರಲ್ಲಿ ಒಂದು ಸಂಗತಿ ಉಳಿದುಬಿಡುತ್ತದೆ. ಕಪಿಲನ ಮೈಗೆ, ಅವನ ತಲೆ ಅರಿಯದ ನೆನಪುಗಳಿವೆ. ಆ ಮೈ ಕಂಡ ಸ್ಪರ್ಶಗಳಿಗೆ ಅವನಲ್ಲಿ ಹೆಸರಿಲ್ಲ, ಮುಖವಿಲ್ಲ. ಮೈಯನ್ನು ಗೆಲ್ಲಬಹುದು, ಅದರ ನೆನಪನ್ನು ಗೆಲ್ಲುವುದು ಕಷ್ಟ.

ನಾಟಕ ಬರೆದವರಷ್ಟೇ ಅಲ್ಲ, ಬಣ್ಣ ಹಚ್ಚಿದವರೂ ಈ ಸತ್ಯವನ್ನು ಬಲ್ಲರು. ಬೆಳಗಾವಿ ಜಿಲ್ಲೆಯ ಏಣಗಿ ಗ್ರಾಮದ ಬಾಳಪ್ಪನವರು (೧೯೧೪–೨೦೧೭) ಹರೆಯದಲ್ಲಿ ಸ್ತ್ರೀಪಾತ್ರಗಳಿಂದ ಮೆಚ್ಚುಗೆ ಪಡೆದು, ಮುಂದೆ ತಮ್ಮದೇ ಕಲಾವೈಭವ ನಾಟ್ಯ ಸಂಘವನ್ನು ಕಟ್ಟಿ, ಬಸವೇಶ್ವರನ ಪಾತ್ರದಲ್ಲಿ ಮನೆಮಾತಾದರು. ಸೀರೆ ಉಟ್ಟ ಮಾತ್ರಕ್ಕೆ ಹೆಣ್ಣಿನ ನಡಿಗೆ ಬಾರದು. ಕಾವಿ ತೊಟ್ಟ ಮಾತ್ರಕ್ಕೆ ಶರಣರ ಶಾಂತಿ ಬಾರದು. ಕಂಪನಿ ನಾಟಕದ ನಟನಿಗೆ ಅವು ಬರುವುದು ರಾತ್ರಿಯ ಮೇಲೆ ರಾತ್ರಿ ಮಾಡಿದ ರೂಢಿಯಿಂದ.

ಪಶ್ಚಿಮದ ನಾಟಕಕಾರರೂ ಇದೇ ಗಂಟನ್ನು ಬಿಡಿಸಲು ಹೆಣಗಿದ್ದಾರೆ. ಕಾಲ, ರೂಢಿ, ನೆನಪುಗಳನ್ನು ಕುರಿತು ೧೯೩೧ರಲ್ಲೇ ಪ್ರೂಸ್ತನ ಕಾದಂಬರಿಯ ನೆಪದಲ್ಲಿ ಬರೆದ ಸ್ಯಾಮ್ಯುಯೆಲ್ ಬೆಕೆಟ್, ೧೯೫೮ರ ಒಂದು ನಾಟಕದಲ್ಲಿ ಕ್ರಾಪ್ ಎಂಬ ಮುದುಕನನ್ನು ರಂಗಕ್ಕೆ ತಂದ. ತನ್ನ ೬೯ನೆಯ ಹುಟ್ಟುಹಬ್ಬದಂದು ಅವನು ೩೯ರ ಪ್ರಾಯದಲ್ಲಿ ತಾನೇ ಮುದ್ರಿಸಿಟ್ಟ ದನಿಯನ್ನು ಕೇಳುತ್ತಾನೆ. ಆ ದನಿಯ ಬೀಗು ಅವನಿಗೆ ಹೇಸಿಗೆ ಹುಟ್ಟಿಸುತ್ತದೆ. ಬಾಳೆಹಣ್ಣಿನ ಚಪಲ ಮಾತ್ರ ಅಂದಿನಂತೆ ಇಂದೂ ಇದೆ. ವಿಚಾರಗಳು ಪರಕೀಯವಾದವು, ಚಟ ಸ್ವಂತದ್ದಾಗಿ ಉಳಿಯಿತು!

ಇದು ರಂಗಭೂಮಿಯ ಮಾತು ಮಾತ್ರವೆ? ಬೆಳಗಾವಿಯ ಪೇಟೆಯಲ್ಲಿ ಕನ್ನಡದಲ್ಲಿ ಬೆಲೆ ಹೇಳಿದ ಅಂಗಡಿಯವ, ಮರುಕ್ಷಣವೇ ಇನ್ನೊಬ್ಬ ಗಿರಾಕಿಯೊಡನೆ ಮರಾಠಿಗೆ ಹೊರಳುತ್ತಾನೆ. ನಾಲಗೆ ಅವನ ಅಪ್ಪಣೆಗಾಗಿ ಕಾಯುವುದಿಲ್ಲ. ಅವನು ಯಾರೆಂಬುದನ್ನು ಒಂದೇ ಮಾತಿನಲ್ಲಿ ಹೇಳಹೊರಟವರಿಗೆ ಆ ನಾಲಗೆ ಸುಲಭವಾಗಿ ಒಪ್ಪಿಗೆ ಕೊಡದು.

ಮನೆಯೊಳಗೆ ಈ ಪ್ರಶ್ನೆ ಇನ್ನೂ ಆಳವಾಗಿ ತಾಗುತ್ತದೆ. ಮುಪ್ಪಿನಲ್ಲಿ ಮರೆವಿನ ರೋಗ ಬಂದವರಲ್ಲಿ ಹೆಸರು, ದಿನ, ಘಟನೆಗಳು ಮೊದಲು ಮಾಸುತ್ತವೆ. ಕೈಗೆ ಕರಗತವಾದ ಕೆಲಸಗಳು ಅನೇಕ ವೇಳೆ ಬಹುಕಾಲ ಉಳಿಯುತ್ತವೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಮಗನ ಹೆಸರನ್ನೇ ಮರೆತ ತಾಯಿಯನ್ನು ಕಂಡು, ‘ಇವಳು ನಮ್ಮ ಅವ್ವ ಅಲ್ಲವೇ ಅಲ್ಲ’ ಎಂದು ಮನೆಯವರು ಮರುಗುವುದುಂಟು. ತಲೆಯೇ ಸರ್ವಸ್ವವೆಂಬ ರಾಜನ ತೀರ್ಪಿನಂತೆ ಅದು ನಿಜವೂ ಆದೀತು.

ಆದರೆ ಅವಳ ಮುಂದೆ ಒಂದು ಹಿಡಿ ಮಲ್ಲಿಗೆಯನ್ನೂ ದಾರವನ್ನೂ ಇಟ್ಟು ನೋಡಬೇಕು. ಬೆರಳುಗಳು ಒಂದು ಗಳಿಗೆ ತಡವರಿಸಿ, ಆಮೇಲೆ ಒಂದೊಂದಾಗಿ ಗಂಟು ಹಾಕತೊಡಗಿದರೆ, ಮಗನಿಗೆ ಆ ಮಾಲೆಯಲ್ಲಿ ತನ್ನ ಅವ್ವನ ಗುರುತು ಸಿಕ್ಕೀತು.